ಏರಿಗೆ ಅಂಜಿಕೆ, ಇಳಿಜಾರಿಗೆ ಹುಂಬ ಧೈರ್ಯ

ಬೆಂಗಳೂರಿನ ಸೈಕಲ್ ಸವಾರರಿಗೆ ನಂದಿ ಬೆಟ್ಟವೇ ಮೊದಲ ಪರೀಕ್ಷೆ. ಎತ್ತರ 1,478 ಮೀಟರ್. ಬುಡದಿಂದ ಹೆಚ್ಚುಕಡಿಮೆ ಏಳೂವರೆ ಕಿಲೋಮೀಟರ್ ಬಳಸುತ್ತಾ ಹತ್ತುವ ದಾರಿ. ಒಬ್ಬನೇ ಹೊರಟಿದ್ದೇನೆ ಅಂದರೆ ಸಾಕು, ಸಲಹೆಗಳ ಸುರಿಮಳೆ. ಅರ್ಧಕ್ಕರ್ಧ ತಪ್ಪು ಸಲಹೆಗಳೇ.

ಕಲ್ಪನೆ: ಜೊತೆಗೆ ಗುಂಪಿದ್ದರೆ ಏರು ಸಲೀಸು

ಬಯಲಿನಲ್ಲಿ ಇದು ನಿಜ. ದೇವನಹಳ್ಳಿ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ಮುಂದಿನವನ ಬೆನ್ನಿಗೇ ಅಂಟಿಕೊಂಡು ತುಳಿದರೆ ಗಾಳಿಯ ಹೊಡೆತ ಅವನಿಗೆ, ಆರಾಮ ನಮಗೆ. ಏರಿನಲ್ಲಿ ವೇಗ ಹತ್ತಕ್ಕೆ ಬೀಳುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಬದಲಾಗುವುದರಿಂದ ಒಂಬತ್ತರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಇನ್ನು ಬಾಕಿ ಇರುವುದು ಗುರುತ್ವದ ಜಗ್ಗಾಟ. ಅದರಲ್ಲಿ ಯಾರೂ ಪಾಲು ಹೊರಲಾರರು. ಗುಂಪಿನಲ್ಲಿ ಸಾಮಾನ್ಯವಾಗಿ ಆಗುವುದೇನೆಂದರೆ, ಯಾರದೋ ಹುರುಪಿಗೆ ಸಮನಾಗಿ ತುಳಿಯಲು ಹೋಗಿ ಮೂರನೇ ತಿರುವಿನಲ್ಲೇ ಏದುಸಿರು. ಒಂಟಿ ಸವಾರನಿಗೆ ಆ ಕಾಟವಿಲ್ಲ. ಒಂದು ಪೂರ್ತಿ ವಾಕ್ಯವನ್ನು ತಡವರಿಸದೆ ಹೇಳಲು ಆಗುತ್ತಿದ್ದರೆ ವೇಗ ಸರಿಯಿದೆ ಎಂದರ್ಥ. ಸುತ್ತ ಯಾರೂ ಇಲ್ಲ, ಜೋರಾಗಿಯೇ ಹೇಳಿಕೊಳ್ಳಬಹುದು.

ಕಲ್ಪನೆ: ಹಗುರವಾದ ದುಬಾರಿ ಸೈಕಲ್ ಬೇಕೇ ಬೇಕು

ಲೆಕ್ಕ ಹಾಕಿ ನೋಡಿ. ಸವಾರ, ಸೈಕಲ್, ನೀರು ಎಲ್ಲ ಸೇರಿ 80 ಕಿಲೋ. ಹತ್ತಲು 45 ನಿಮಿಷ. ಸೈಕಲ್ ಒಂದು ಕಿಲೋ ಹಗುರವಾದರೆ ಉಳಿಯುವುದು ಅರ್ಧ ನಿಮಿಷ. ಅದಕ್ಕೆ ಹತ್ತಾರು ಸಾವಿರ ಸುರಿಯುವುದು ಅವರವರ ಇಷ್ಟ. ಮಂಡಿ ಉಳಿಸುವುದು ಗೇರ್. ಮುಂದೆ 34 ಹಲ್ಲು, ಹಿಂದೆಯೂ 34 ಇದ್ದರೆ ನಿಮಿಷಕ್ಕೆ 70 ಸುತ್ತು ತುಳಿಯುತ್ತಾ ಗಂಟೆಗೆ ಒಂಬತ್ತು ಕಿಲೋಮೀಟರ್ ಹತ್ತಿರ ಸಾಗಬಹುದು. ಹಳೆಯ ರೇಸ್ ಸೈಕಲ್‌ನ 39–25ರಲ್ಲಿ ಅದೇ ವೇಗಕ್ಕೆ 45 ಸುತ್ತೂ ಬೀಳುವುದಿಲ್ಲ. ಒಂದೊಂದು ತುಳಿತಕ್ಕೂ ಮಂಡಿ ಚೀರುತ್ತದೆ.

ಕಲ್ಪನೆ: ಹಸಿವಾದಾಗ ತಿಂದರಾಯಿತು

ಹಸಿವು ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಗಂಟೆಗೊಂದೆರಡು ಬಾಳೆಹಣ್ಣು, ನೀರಿಗೆ ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ.

ಕಲ್ಪನೆ: ತುದಿ ಮುಟ್ಟಿದರೆ ಕೆಲಸ ಮುಗಿಯಿತು, ಇಳಿಜಾರು ಪುಕ್ಕಟೆ

ನನ್ನ ತಕರಾರೆಲ್ಲ ಈ ಮಾತಿನ ಮೇಲೆಯೇ. ಮುಕ್ಕಾಲು ಗಂಟೆ ತುಳಿದು ಕೂಡಿಸಿದ ಶಕ್ತಿಯನ್ನು ಇಳಿಯುವಾಗ ಗಾಳಿಯೂ ಬ್ರೇಕೂ ಸೇರಿ ಕರಗಿಸಬೇಕು. ವೇಗ 20ರಿಂದ 40ಕ್ಕೆ ಏರಿದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಬ್ರೇಕನ್ನು ಉದ್ದಕ್ಕೂ ಅರೆಬರೆ ಹಿಡಿದೇ ಇಳಿದರೆ ರಿಮ್ ಕಾದು ಟ್ಯೂಬ್ ಸಿಡಿಯುವುದೂ ಉಂಟು. ತಿರುವಿಗೆ ಮುಂಚೆಯೇ, ಸೈಕಲ್ ನೇರವಾಗಿರುವಾಗ, ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಟ್ಟು ತಿರುಗಬೇಕು. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಎಂಬ ಹೆದರಿಕೆಯೂ ಬೇಡ: ಇಳಿಜಾರಿನಲ್ಲಿ ಭಾರ ಮುಂಚಕ್ರದ ಮೇಲೆ ಕೂರುವುದರಿಂದ ನಿಲ್ಲಿಸುವ ಬಲದ ಹೆಚ್ಚಿನ ಪಾಲು ಅಲ್ಲಿಂದಲೇ ಬರುತ್ತದೆ. ಮೈಯನ್ನು ಹಿಂದಕ್ಕೆ ಸರಿಸಿ, ಎರಡನ್ನೂ ಹದವಾಗಿ ಒತ್ತಿದರೆ ಆಯಿತು. ಪಲ್ಟಿಯಾಗುವುದು ಗಾಬರಿಯಲ್ಲಿ ತಟ್ಟನೆ ಜಗ್ಗಿದಾಗ.

ಇನ್ನೊಂದು ಚಳಿ. ಬೆವರಿಗೆ ತೊಯ್ದ ಅಂಗಿಗೆ ಗಾಳಿ ಬಡಿದರೆ ಬೆರಳು ಮರಗಟ್ಟಿ ಬ್ರೇಕ್ ಹಿಡಿಯಲು ಬರುವುದಿಲ್ಲ. ಯುರೋಪಿನ ಹಳೆಯ ರೇಸ್ ಸವಾರರು ತುದಿಯಲ್ಲಿ ದಿನಪತ್ರಿಕೆ ಇಸಿದುಕೊಂಡು ಎದೆಗೆ ತುರುಕಿ ಇಳಿಯುತ್ತಿದ್ದರು. ಇಂದಿಗೂ ಅದಕ್ಕಿಂತ ಅಗ್ಗದ ಜಾಕೆಟ್ ಇಲ್ಲ.

ಕಲ್ಪನೆ: ಒಂಟಿ ಹೋಗುವುದೇ ಅಪಾಯ

ಹೇಳದೆ ಕೇಳದೆ ಹೋಗುವುದು ಅಪಾಯ. ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂಬುದು ಮನೆಯವರಿಗೆ ಗೊತ್ತಿರಲಿ. ಬೆಟ್ಟದ ಮಗ್ಗುಲಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವಂತಿಲ್ಲ. ಮಂಜಿದ್ದರೆ ಹಗಲಲ್ಲೂ ಹಿಂದಿನ ದೀಪ ಉರಿಯಲಿ. ಪಂಪ್, ಟಯರ್ ಲಿವರ್, ಎರಡು ಟ್ಯೂಬ್ ಕಟ್ಟಿಕೊಳ್ಳಿ. ಎರಡನೆಯದನ್ನೂ ಹಾಕಬೇಕಾಗಿ ಬಂತೇ, ತುದಿ ಎಷ್ಟೇ ಹತ್ತಿರವಿದ್ದರೂ ಅಲ್ಲಿಂದಲೇ ಹಿಂದಿರುಗಿ.