ದೊಡ್ಡ ಕಂಪೆನಿಗಳ ಲೋಕಹಿತದ ಲೆಕ್ಕ

ಗೃಹಸ್ಥನಾದವನು ಮನೆಯ ಆದಾಯವೆಚ್ಚಗಳ ಲೆಕ್ಕವನ್ನು ಬರೆದಿಡುವುದು ಹಿಂದಿನಿಂದ ನಡೆದು ಬಂದ ಪದ್ಧತಿ. ಆದರೆ ತನ್ನ ಮನೆಯ ಕೊಚ್ಚೆನೀರು ಯಾರ ಬಾವಿಯ ಕಡೆಗೆ ಹರಿಯಿತು, ಕೆಲಸದವರಿಗೆ ಸಂಬಳವು ಕಾಲಕ್ಕೆ ಸರಿಯಾಗಿ ಸಂದಿತೇ ಎಂಬುದನ್ನು ಆ ಪುಸ್ತಕದಲ್ಲಿ ಬರೆಯುವವರು ವಿರಳ. ವ್ಯಾಪಾರಪ್ರಪಂಚದಲ್ಲಿಯೂ ಬಹುಕಾಲ ಹೀಗೆಯೇ ಇದ್ದಿತು. ಕಂಪೆನಿಗಳು ವರ್ಷಕ್ಕೊಮ್ಮೆ ಲಾಭನಷ್ಟಗಳನ್ನು ಪಾಲುಗಾರರ ಮುಂದಿಟ್ಟು ಸುಮ್ಮನಾಗುತ್ತಿದ್ದವು. ಹೊಳೆಗೆ ಬಿಟ್ಟ ನೀರು, ಆಕಾಶಕ್ಕೆ ಬಿಟ್ಟ ಹೊಗೆ, ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡ ಕೂಲಿಗಾರ, ಇವಾವುವೂ ಆ ಪುಟಗಳಲ್ಲಿ ಕಾಣಿಸುತ್ತಿರಲಿಲ್ಲ. ಈಗ ಇವಕ್ಕೂ ವರದಿಯುಂಟು. ಅದು ಹೇಗೆ ಹುಟ್ಟಿತು, ಅದರಲ್ಲಿ ಏನಿರುತ್ತದೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ವಾಚಕರಿಗೆ ತಿಳಿಸಬೇಕೆಂಬುದೇ ನಮ್ಮ ಉದ್ದೇಶ.

ಇಂತಹ ವರದಿಗಳು ಕಂಪೆನಿಗಳ ಔದಾರ್ಯದಿಂದಲೇ ಹುಟ್ಟಿದವೆಂದು ಹೇಳುವಂತಿಲ್ಲ. ದೊಡ್ಡ ದೊಡ್ಡ ಅನಾಹುತಗಳೇ ಇವಕ್ಕೆ ದಾರಿಮಾಡಿದುವು. ೧೯೮೪ನೆಯ ಇಸವಿ ಡಿಸೆಂಬರಿನಲ್ಲಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸೋರಿದ ವಿಷವಾಯುವು ಸಾವಿರಾರು ಜನರ ಪ್ರಾಣವನ್ನು ಹೀರಿತು. ೧೯೮೯ನೆಯ ಇಸವಿ ಮಾರ್ಚಿಯಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಅಲಾಸ್ಕದ ತೀರದಲ್ಲಿ ಬಂಡೆಗೆ ತಾಗಿ, ಸುಮಾರು ೪ ಕೋಟಿ ಲೀಟರು ಕಚ್ಚಾ ಎಣ್ಣೆಯು ಸಮುದ್ರದ ಪಾಲಾಯಿತು. ಅದೇ ವರ್ಷ ಅಮೆರಿಕದಲ್ಲಿ ಸೀರೀಸ್ ಎಂಬ ಸಂಸ್ಥೆಯು ಸ್ಥಾಪಿತವಾಯಿತು. ಆ ಸಂಸ್ಥೆಯವರೂ ಅವರ ಸಹಕಾರಿಗಳೂ ಸೇರಿ ೧೯೯೭ರಲ್ಲಿ ಬಾಸ್ಟನ್ ನಗರದಲ್ಲಿ ಗ್ಲೋಬಲ್ ರಿಪೋರ್ಟಿಂಗ್ ಇನಿಷಿಯೇಟಿವ್ ಎಂಬುದನ್ನು ಆರಂಭಿಸಿದರು. ಇಂತಹ ವರದಿಯನ್ನು ಬರೆಯುವ ಕ್ರಮವನ್ನು ತಿಳಿಸುವ ಇವರ ಮೊದಲನೆಯ ಸೂತ್ರಗಳು ೨೦೦೦ದಲ್ಲಿ ಹೊರಬಿದ್ದುವು.

ನಮ್ಮ ದೇಶದಲ್ಲಿ ಈ ಸಂಬಂಧವಾಗಿ ಎರಡು ಏರ್ಪಾಡುಗಳುಂಟು. ಇವನ್ನು ಒಂದೇ ಎಂದು ಭ್ರಮಿಸಕೂಡದು.

ಮೊದಲನೆಯದು ವೆಚ್ಚಕ್ಕೆ ಸಂಬಂಧಪಟ್ಟದ್ದು. ೨೦೧೩ರ ಕಂಪೆನಿ ಕಾಯಿದೆಯ ೧೩೫ನೆಯ ವಿಧಿಯಂತೆ, ೫೦೦ ಕೋಟಿ ರೂಪಾಯಿಗಳ ನಿವ್ವಳ ಆಸ್ತಿಯಾಗಲಿ, ೧,೦೦೦ ಕೋಟಿಯ ವಹಿವಾಟಾಗಲಿ, ೫ ಕೋಟಿಯ ನಿವ್ವಳ ಲಾಭವಾಗಲಿ ಉಳ್ಳ ಕಂಪೆನಿಯು ಹಿಂದಿನ ೩ ವರ್ಷಗಳ ಸರಾಸರಿ ಲಾಭದಲ್ಲಿ ಶೇಕಡ ೨ರಷ್ಟನ್ನು ವಿದ್ಯೆ, ಆರೋಗ್ಯ ಮೊದಲಾದ ಲೋಕೋಪಕಾರದ ಕಾರ್ಯಗಳಿಗೆ ವಿನಿಯೋಗಿಸತಕ್ಕದ್ದು. ತನ್ನ ನೌಕರರಿಗೆ ಮಾತ್ರ ಮಾಡಿದ ಉಪಕಾರವೂ, ರಾಜಕೀಯ ಪಕ್ಷಗಳಿಗೆ ಕೊಟ್ಟ ಹಣವೂ ಇದರಲ್ಲಿ ಸೇರವು.

ಎರಡನೆಯದು ನಡತೆಗೆ ಸಂಬಂಧಪಟ್ಟದ್ದು. ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿಯು ೨೦೨೧ರಲ್ಲಿ ಒಂದು ವರದಿಯ ನಮೂನೆಯನ್ನು ಹೊರಡಿಸಿ, ೨೦೨೨-೨೩ನೆಯ ಸಾಲಿನಿಂದ ಪೇಟೆಯ ಅತಿ ದೊಡ್ಡ ೧,೦೦೦ ಕಂಪೆನಿಗಳಿಗೆ ಅದನ್ನು ಕಡ್ಡಾಯ ಮಾಡಿತು. ಬಿ.ಆರ್.ಎಸ್.ಆರ್. ಎಂದು ಇದನ್ನು ಕರೆಯುತ್ತಾರೆ. ಬೆಂಗಳೂರಿನ ಇನ್ಫೋಸಿಸ್, ವಿಪ್ರೋ ಮೊದಲಾದವೂ ಇದಕ್ಕೆ ಒಳಪಟ್ಟಿವೆ. ಎಷ್ಟು ವಿದ್ಯುತ್ತು, ಎಷ್ಟು ನೀರು ಖರ್ಚಾಯಿತು, ಕಸವೆಷ್ಟು, ಕೆಲಸದಲ್ಲಿ ಗಾಯಪಟ್ಟವರೂ ಮಡಿದವರೂ ಎಷ್ಟು ಮಂದಿ, ಸ್ತ್ರೀಪುರುಷರ ವೇತನವೆಷ್ಟು, ತೆತ್ತ ದಂಡಗಳೆಷ್ಟು ಎಂಬ ಪ್ರಶ್ನೆಗಳಿಗೆಲ್ಲ ಇದರಲ್ಲಿ ಉತ್ತರ ಕೊಡಬೇಕು. ಲಾಭದ ಒಂದಂಶವನ್ನು ಹೇಗೆ ಹಂಚಿದರೆಂಬುದನ್ನು ಮೊದಲನೆಯ ಏರ್ಪಾಡು ತಿಳಿಸಿದರೆ, ಆ ಲಾಭವನ್ನು ಹೇಗೆ ಗಳಿಸಿದರೆಂಬುದನ್ನು ಎರಡನೆಯದು ತಿಳಿಸುತ್ತದೆ. ಊರಿಗೆ ಶಾಲೆ ಕಟ್ಟಿಸಿದ ಮಾತ್ರಕ್ಕೆ ಊರ ಕೆರೆಯನ್ನು ಕೆಡಿಸಿದ ದೋಷವು ಪರಿಹಾರವಾಗದಷ್ಟೆ!

ಬೆಳ್ಳಗಿರುವುದೆಲ್ಲ ಹಾಲಲ್ಲ. ಆದುದರಿಂದ ಈ ವರದಿಗಳನ್ನು ಓದುವಾಗ ಕೆಲವು ವಿಷಯಗಳಲ್ಲಿ ಎಚ್ಚರವಿರಬೇಕು.

ಒಂದನೆಯದಾಗಿ, ಪ್ರಮಾಣವನ್ನೂ ಮೊತ್ತವನ್ನೂ ಬೇರೆಬೇರೆಯಾಗಿ ನೋಡಬೇಕು. ಒಬ್ಬನು ಕಳೆದ ವರ್ಷ ೧ ಲಕ್ಷ ರೂಪಾಯಿಗಳ ವ್ಯಾಪಾರಕ್ಕೆ ೧೦೦ ಗಾಡಿ ಸೌದೆಯನ್ನೂ, ಈ ವರ್ಷ ೨ ಲಕ್ಷಕ್ಕೆ ೧೫೦ ಗಾಡಿಯನ್ನೂ ಸುಟ್ಟನೆನ್ನೋಣ. ರೂಪಾಯಿಯ ಲೆಕ್ಕದಲ್ಲಿ ಸೌದೆಯು ಕಾಲುಭಾಗ ಇಳಿಯಿತೆಂದು ಅವನು ಹೇಳಿಕೊಳ್ಳಬಹುದು, ಅದು ಸುಳ್ಳಲ್ಲ. ಆದರೆ ನೆರೆಯವರ ಮನೆಗೆ ಹೊಕ್ಕ ಹೊಗೆಯು ಒಂದೂವರೆಯಷ್ಟಾಯಿತು.

ಎರಡನೆಯದಾಗಿ, ಲೆಕ್ಕಕ್ಕೆ ಬಂದ ಹೊಗೆ ಯಾವುದೆಂದು ವಿಚಾರಿಸಬೇಕು. ನಮ್ಮ ಒಲೆಯ ಹೊಗೆ ಒಂದು ಬಗೆ. ನಾವು ಉರಿಸುವ ದೀಪಕ್ಕಾಗಿ ದೂರದ ವಿದ್ಯುದಾಗಾರದಲ್ಲಿ ಎದ್ದ ಹೊಗೆ ಎರಡನೆಯದು. ಕೊಂಡ ಸರಕನ್ನು ಮಾಡುವುದಕ್ಕೂ ಸಾಗಿಸುವುದಕ್ಕೂ, ನಾವು ಮಾರಿದ್ದನ್ನು ಕೊಂಡವರು ಬಳಸುವುದಕ್ಕೂ ಆದದ್ದು ಮೂರನೆಯದು. ಮೊದಲಿನ ಎರಡನ್ನು ಹೇಳುವುದು ಸೆಬಿಯ ನಮೂನೆಯಲ್ಲಿ ಅವಶ್ಯ. ಮೂರನೆಯದು ಕಂಪೆನಿಯ ಇಷ್ಟಕ್ಕೆ ಬಿಟ್ಟದ್ದು. ಮೋಟಾರು, ಎಣ್ಣೆ ಮೊದಲಾದ ಉದ್ಯಮಗಳಲ್ಲಿ ಈ ಮೂರನೆಯದೇ ಎಲ್ಲಕ್ಕಿಂತ ದೊಡ್ಡದು.

ಮೂರನೆಯದಾಗಿ, ನೌಕರರ ಪಟ್ಟಿಯಲ್ಲಿ ಕಾಯಂ ಕೆಲಸದವರನ್ನೂ ಕಾಯಂ ಅಲ್ಲದವರನ್ನೂ ಬೇರೆಬೇರೆ ಕಾಣಿಸಿರುತ್ತಾರೆ. ಅಪಾಯದ ಕೆಲಸವು ಅನೇಕ ಕಡೆ ಗುತ್ತಿಗೆಯ ಆಳಿನ ಪಾಲಿನದಾದುದರಿಂದ ಎರಡನೆಯ ಸಾಲನ್ನು ಮರೆಯದೆ ನೋಡಬೇಕು. ಸುತ್ತಲಿನ ಜನರಿಂದ ಬಂದ ದೂರುಗಳೆಷ್ಟು, ವರ್ಷಾಂತ್ಯಕ್ಕೆ ತೀರದೆ ಉಳಿದವೆಷ್ಟು ಎಂಬ ಕೋಷ್ಟಕವೂ ಅಲ್ಲಿಯೇ ಉಂಟು. ಬಣ್ಣದ ಚಿತ್ರಗಳಿಗಿಂತ ಆ ಕೋಷ್ಟಕವು ಹೆಚ್ಚು ಮಾತನಾಡುತ್ತದೆ.

ವರದಿಯ ಕೀರ್ತಿಯೇ ಸತ್ಯಕ್ಕೆ ಪ್ರಮಾಣವಲ್ಲವೆಂಬುದಕ್ಕೆ ಜರ್ಮನಿಯ ಫೋಕ್ಸ್‌ವಾಗನ್ ಕಂಪೆನಿಯ ಕಥೆಯೇ ಸಾಕ್ಷಿ. ೨೦೧೫ನೆಯ ಇಸವಿ ಸೆಪ್ಟೆಂಬರಿನಲ್ಲಿ ಡೌ ಜೋನ್ಸ್ ಸಂಸ್ಥೆಯ ಪಟ್ಟಿಯು ಪರಿಸರಾದಿ ಹೊಣೆಗಾರಿಕೆಯಲ್ಲಿ ಇದನ್ನು ಮೋಟಾರು ಉದ್ಯಮಕ್ಕೇ ಅಗ್ರಗಣ್ಯವೆಂದು ಎಣಿಸಿತು. ಅದೇ ತಿಂಗಳಲ್ಲಿ, ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆಯನ್ನು ತಗ್ಗಿಸುವ ಕಪಟದ ಏರ್ಪಾಡನ್ನು ಅದು ತನ್ನ ಗಾಡಿಗಳಲ್ಲಿ ಅಡಗಿಸಿಟ್ಟಿದ್ದುದು ಬಯಲಾಯಿತು. ಅಂತಹ ಗಾಡಿಗಳು ಸುಮಾರು ೧ ಕೋಟಿ ೧೦ ಲಕ್ಷ! ಆಮೇಲೆ ಅದರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಿದರು.

ಈ ಕಾರಣದಿಂದಲೇ ಮುಖ್ಯವಾದ ಅಂಕಿಗಳನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಬೇಕೆಂದು ಸೆಬಿಯು ೨೦೨೩ರಲ್ಲಿ ವಿಧಿಸಿ, ೨೦೨೩-೨೪ರಲ್ಲಿ ಅತಿ ದೊಡ್ಡ ೧೫೦ ಕಂಪೆನಿಗಳಿಂದ ಅದನ್ನು ಆರಂಭಿಸಿತು. ಇದು ಒಳ್ಳೆಯ ಹೆಜ್ಜೆ. ಆದರೂ ಪರೀಕ್ಷಕನ ಶುಲ್ಕವನ್ನು ಕೊಡುವುದು ಪರೀಕ್ಷೆಗೊಳಗಾದ ಕಂಪೆನಿಯೇ ಎಂಬುದನ್ನು ನೆನಪಿನಲ್ಲಿಡಬೇಕು.

ಇದರಿಂದ ಗೃಹಸ್ಥರಾದ ನಮಗೇನು ಎಂದು ಕೆಲವರು ಕೇಳಬಹುದು. ನೌಕರರ ಭವಿಷ್ಯನಿಧಿಯ ಹಣದಲ್ಲಿ ಒಂದು ಭಾಗವು ೨೦೧೫ರಿಂದ ಷೇರುಪೇಟೆಯನ್ನು ಸೇರುತ್ತಿದೆ. ಮ್ಯೂಚುಯಲ್ ಫಂಡುಗಳಲ್ಲಿ ಹಣವಿಟ್ಟವರೂ ಅನೇಕರು. ಆದಕಾರಣ ನಮ್ಮಲ್ಲಿ ಎಷ್ಟೋ ಮಂದಿ ತಿಳಿದೋ ತಿಳಿಯದೆಯೋ ಇಂತಹ ಕಂಪೆನಿಗಳ ಪಾಲುಗಾರರಾಗಿದ್ದೇವೆ. ಕಾರ್ಖಾನೆಯ ಗಾಳಿಯನ್ನು ಉಸಿರಾಡುವವರೂ ಅಲ್ಲಿ ದುಡಿಯಹೋಗುವವರೂ ನಮ್ಮವರೇ. ವರದಿಗಳು ಕಂಪೆನಿಗಳ ಜಾಲತಾಣಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತವೆ. ಆದರೆ ಅವು ಬಹುಮಟ್ಟಿಗೆ ಇಂಗ್ಲೀಷಿನಲ್ಲಿರುವುದರಿಂದ, ಕಾರ್ಖಾನೆಯ ಬೇಲಿಯಾಚೆಯ ರೈತನಿಗೆ ತನ್ನ ಬಾವಿಯ ವಿಷಯವಾಗಿ ಬರೆದುದನ್ನೇ ಓದಲಾಗುವುದಿಲ್ಲ. ಬಲ್ಲವರು ಬಾರದವರಿಗೆ ಅದನ್ನು ಓದಿ ಹೇಳುವುದೂ ಒಂದು ಲೋಕೋಪಕಾರವೇ. ಯಾರೂ ಓದದ ಲೆಕ್ಕವನ್ನು ಹೇಗೆ ಬರೆದರೂ ನಡೆಯುತ್ತದೆ. ನಾಲ್ಕು ಜನ ಕುಳಿತು ಓದುತ್ತಾರೆಂದು ತಿಳಿದರೆ ಬರೆಯುವವನ ಕೈ ತಾನಾಗಿಯೇ ಸರಿಯಾದೀತು.