ಬಾಡಿಗೆ ಮನೆ ಕಟ್ಟುವ ಮುನ್ನ: ತಿತಿಮತಿಯ ಒಂದು ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಅನುಭವದ ಮಾತು. ತಾನು ವಾಸಿಸಲು ಒಂದು ಮನೆ ಕಟ್ಟುವವನ ಪಾಡೇ ಹೀಗಿರುವಾಗ, ಸಾಲ ತಂದು ಪರರ ವಾಸಕ್ಕೆಂದು ಮೂರು ನಾಲ್ಕು ಮನೆ ಕಟ್ಟಹೊರಟವನು ಇನ್ನೆಷ್ಟು ಎಚ್ಚರದಿಂದಿರಬೇಕು! ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದ ನಮಗೆ ಈ ವಿಷಯದಲ್ಲೇನು ಅಧಿಕಾರವೆಂದು ಓದುಗರು ಕೇಳಬಹುದು. ಕೂಡುವ ಕಳೆಯುವ ಲೆಕ್ಕ ಬಲ್ಲವರಿಗೆಲ್ಲ ಇದು ತಿಳಿಯತಕ್ಕದ್ದೇ. ಆ ಲೆಕ್ಕವನ್ನು ಸಾಲಪತ್ರಕ್ಕೆ ಸಹಿ ಹಾಕುವ ಮೊದಲು ಮಾಡಬೇಕು, ಅಷ್ಟೆ.

ಹುಣಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ, ನಾಗರಹೊಳೆಯ ಕಾಡು ಸರಿದು ಕಾಫಿ ತೋಟಗಳು ತೊಡಗುವೆಡೆ ಇರುವ ಊರು ತಿತಿಮತಿ. ಅಲ್ಲಿ ನಮಗೆ ಬಹುಕಾಲದ ಪರಿಚಿತರೊಬ್ಬರು ಮೂವತ್ತು ವರ್ಷ ತೋಟದ ರೈಟರಾಗಿ ದುಡಿದು ನಿವೃತ್ತರಾದರು. 1951ರ ತೋಟ ಕಾರ್ಮಿಕರ ಕಾಯಿದೆಯು ದುಡಿಯುವವರಿಗೆ ವಸತಿ ಒದಗಿಸುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಕೊಡಗಿನ ತೋಟಗಳಲ್ಲಿ ಲೈನ್ ಮನೆಗಳ ಸಾಲುಗಳನ್ನು ನೋಡದವರಿಲ್ಲ. ಆದರೆ ಆ ಸೂರು ಕೆಲಸದೊಡನೆ ಬಂದದ್ದು, ಕೆಲಸದೊಡನೆ ಹೋಗತಕ್ಕದ್ದು. ಅರವತ್ತರ ವಯಸ್ಸಿನಲ್ಲಿ ಆ ದಂಪತಿಗಳು ಬಾಡಿಗೆ ಮನೆ ಹಿಡಿದರು. ಕೈಯಲ್ಲಿ ಭವಿಷ್ಯನಿಧಿಯ ಹನ್ನೆರಡು ಲಕ್ಷ ರೂಪಾಯಿ, ಊರಿನೊಳಗೆ ಒಂದು ನಿವೇಶನ. ಇಷ್ಟೇ ಅವರ ಆಸ್ತಿ.

“ಶಾಸ್ತ್ರಿಗಳೇ, ನಾಲ್ಕು ಪುಟ್ಟ ಮನೆ ಕಟ್ಟುತ್ತೇನೆ. ಒಂದರಲ್ಲಿ ನಾವಿರುತ್ತೇವೆ, ಮೂರರ ಬಾಡಿಗೆಯೇ ಸಾಲ ತೀರಿಸುತ್ತದೆ” ಎಂದು ಅವರು ಹುರುಪಿನಿಂದ ನುಡಿದರು. ಒಳಗಿನಿಂದ ಕಾಫಿ ತಂದಿಟ್ಟ ಅವರ ಪತ್ನಿ, “ಎರಡು ಮನೆ ಖಾಲಿ ಬಿದ್ದರೆ ಕಂತು ಕಟ್ಟುವವರು ಯಾರು ಗುರುಗಳೇ? ಇವರು ಅದನ್ನೊಂದು ಹೇಳುತ್ತಿಲ್ಲ” ಎಂದರು. ನಾವು ಕಾಗದ, ಪೆನ್ಸಿಲು ತರಿಸಿದೆವು.

ಕಾಗದದ ಮೇಲಿನ ಮನೆ

ಮೇಸ್ತ್ರಿ ಹೇಳಿದ ವೆಚ್ಚ ಮನೆಯೊಂದಕ್ಕೆ ಎಂಟು ಲಕ್ಷದಂತೆ 32 ಲಕ್ಷ. ಕೈಹಣ ಪೂರ್ತಿ ಸುರಿದರೂ ಸಾಲ 20 ಲಕ್ಷ ಬೇಕು. ಶೇಕಡಾ 9ರ ಬಡ್ಡಿಯಲ್ಲಿ ಇಪ್ಪತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 17,995 ರೂಪಾಯಿ. ಆರು ಸಾವಿರದಂತೆ ಮೂರು ಮನೆಯ ಬಾಡಿಗೆ 18,000. ನಮ್ಮ ಮಿತ್ರರ ಹರ್ಷಕ್ಕೆ ಕಾರಣ ಈ ಹೊಂದಾಣಿಕೆಯೇ.

ಆದರೆ ವರ್ಷದಲ್ಲಿ ಪ್ರತಿ ಮನೆಯೂ ಒಂದು ತಿಂಗಳು ಖಾಲಿಯಿದ್ದರೆ 18,000 ಹೋಯಿತು. ಸುಣ್ಣಬಣ್ಣ, ಪಂಪಿನ ದುರಸ್ತಿ, ಮಳೆಗಾಲದ ಸೋರಿಕೆ, ಪಂಚಾಯಿತಿ ತೆರಿಗೆ, ವಿಮೆ ಇವಕ್ಕೆ ಇನ್ನೊಂದು 18,000 ಇಡೋಣ. 2,16,000ದಲ್ಲಿ ಉಳಿಯುವುದು 1,80,000. ಕಟ್ಟಬೇಕಾದ ಕಂತು 2,15,940. ಎಲ್ಲ ಸುಗಮವಾಗಿ ನಡೆದ ವರ್ಷದಲ್ಲಿಯೇ ತಿಂಗಳಿಗೆ ಮೂರು ಸಾವಿರ ಕೊರತೆ! ಇಪ್ಪತ್ತು ವರ್ಷಕ್ಕೆ ಬಡ್ಡಿಯೇ 23 ಲಕ್ಷ ಮೀರುತ್ತದೆ. ಆಪತ್ತಿಗೆಂದು ಒಂದು ರೂಪಾಯಿಯೂ ಉಳಿದಿಲ್ಲ.

ತಿತಿಮತಿಯಂಥ ಊರಿನಲ್ಲಿ ಬಾಡಿಗೆಗೆ ಬರುವವರು ಯಾರು? ಶಾಲೆಯ ಉಪಾಧ್ಯಾಯರು, ಅರಣ್ಯ ಇಲಾಖೆಯವರು, ಬ್ಯಾಂಕಿನವರು, ಚಿಕ್ಕ ವ್ಯಾಪಾರಿಗಳು. ವರ್ಗಾವಣೆಯಾದರೆ ಮನೆ ಖಾಲಿ. ಕಾಫಿ ಕುಯ್ಲಿನ ಕಾಲದಲ್ಲಿ ಹೊರಗಿನಿಂದ ಬರುವವರು ಕುಯ್ಲು ಮುಗಿದೊಡನೆ ಹೊರಟುಹೋಗುತ್ತಾರೆ. ಹೋದವರ ಮರುದಿನವೇ ಇನ್ನೊಬ್ಬರು ಬರಲು ಇದು ಬೆಂಗಳೂರಿನ ವಠಾರವಲ್ಲ.

ಸಾಲದ ಸ್ವರೂಪ

ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆ ಸಾಲವು 30 ಲಕ್ಷದೊಳಗಿದ್ದರೆ ಆಸ್ತಿಯ ಮೌಲ್ಯದ ಶೇಕಡಾ 90ರವರೆಗೆ, 30ರಿಂದ 75 ಲಕ್ಷದವರೆಗಿದ್ದರೆ ಶೇಕಡಾ 80ರವರೆಗೆ ಕೊಡಬಹುದು. ಇದು ಬ್ಯಾಂಕಿಗೆ ಹಾಕಿದ ಮೇಲ್ಮಿತಿ; ನಾವು ಅಷ್ಟನ್ನೂ ತೆಗೆದುಕೊಳ್ಳಬೇಕೆಂಬ ವಿಧಿಯಲ್ಲ. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಬದಲಾಗುವ ಬಡ್ಡಿಯ ಮನೆ ಸಾಲಗಳು ರೆಪೊ ದರದಂಥ ಹೊರಗಿನ ಮಾನದಂಡಕ್ಕೆ ಬದ್ಧವಾಗಿವೆ. ದರ ಏರಿದರೆ ಕಂತು ಅಥವಾ ಅವಧಿ ಏರುತ್ತದೆ. ಇಂಥ ಸಾಲವನ್ನು ಅವಧಿಗೆ ಮುನ್ನ ತೀರಿಸುವ ವ್ಯಕ್ತಿಗೆ ದಂಡ ಹಾಕುವಂತಿಲ್ಲವೆಂಬುದು ಸಮಾಧಾನದ ಸಂಗತಿ.

ಅರವತ್ತು ದಾಟಿದವರಿಗೆ ಇಪ್ಪತ್ತು ವರ್ಷದ ಸಾಲ ಸಿಗಬೇಕಾದರೆ ಸಾಮಾನ್ಯವಾಗಿ ಮಕ್ಕಳೂ ಜೊತೆ ಸಾಲಗಾರರಾಗಬೇಕು. ಈ ದಂಪತಿಗಳ ಮಗ ಮೈಸೂರಿನಲ್ಲಿ ಉದ್ಯೋಗಿ. “ಅವನ ಹೆಗಲಿಗೂ ನೊಗ ಹೂಡಿದಂತಾಯಿತಲ್ಲ” ಎಂದು ತಾಯಿ ಮರುಗಿದರು. ಮಾತು ನಿಜ. ನಾಳೆ ಅವನು ತನಗಾಗಿ ಮನೆ ಸಾಲ ಕೇಳಿದಾಗ ಈ ಕಂತನ್ನು ಕಳೆದೇ ಬ್ಯಾಂಕು ಅವನ ಯೋಗ್ಯತೆಯನ್ನು ಅಳೆಯುತ್ತದೆ.

ಇನ್ನು ಭೋಗ್ಯದ ಮಾತು. ಬಾಡಿಗೆಯ ಬದಲು ದೊಡ್ಡ ಮೊತ್ತವನ್ನು ಒಮ್ಮೆಗೇ ಪಡೆದು ಮನೆ ಬಿಟ್ಟುಕೊಡುವುದು ನಮ್ಮಲ್ಲಿ ರೂಢಿ. ಆ ಹಣದಿಂದ ಗೋಡೆ ಎಬ್ಬಿಸಿಬಿಟ್ಟವರು, ಅವಧಿ ಮುಗಿದಾಗ ಅದನ್ನು ಹಿಂದಿರುಗಿಸಲಾರದೆ ಹೊಸ ಸಾಲ ಮಾಡುತ್ತಾರೆ. ಭೋಗ್ಯದ ಹಣವೂ ಸಾಲವೇ, ಗಳಿಕೆಯಲ್ಲ.

ದಾಖಲೆಗಳ ದಾರಿ

ಕೊಡಗಿನಲ್ಲಿ ಭೂಮಿಯ ಮೂಲವನ್ನು ವಿಚಾರಿಸದೆ ಅಡಿಗಲ್ಲು ಇಡಬಾರದು. ಜಮ್ಮಾ ಹಿಡುವಳಿಯಾದರೆ ಪತ್ರದಲ್ಲಿ ಪಟ್ಟೆದಾರರ ಹೆಸರಿದ್ದರೂ ಹಕ್ಕು ಒಕ್ಕದ ಇತರರಿಗೂ ಇರಬಹುದು. ಕೃಷಿ ಭೂಮಿಯಾದರೆ ಭೂಪರಿವರ್ತನೆಯ ಆದೇಶ ಬೇಕು. ಗ್ರಾಮ ಪಂಚಾಯಿತಿಯ ಇ-ಸ್ವತ್ತು ನಮೂನೆ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರ, ಕಟ್ಟಡ ಪರವಾನಗಿ ಇವು ಮೂರೂ ಕೈಸೇರಲಿ. ಕಾಡಿನ ಅಂಚಿನ ಊರಾದ್ದರಿಂದ ಅರಣ್ಯದ ಗಡಿಯನ್ನೂ ಪರಿಸರ ಸೂಕ್ಷ್ಮ ವಲಯವನ್ನೂ ವಿಚಾರಿಸಬೇಕು. ಕಟ್ಟಿದ ಮನೆಗಳನ್ನೇ ಕೊಳ್ಳುವವರು ಮುದ್ರಾಂಕ ಶುಲ್ಕವನ್ನು ಮರೆಯದಿರಲಿ. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿದೆ.

ಪ್ರತಿ ಮನೆಗೂ ಬೇರೆ ವಿದ್ಯುತ್ ಮೀಟರು ಇರಲಿ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಪ್ರಯೋಜನ ಬಾಡಿಗೆದಾರರಿಗೂ ಉಂಟು. ಒಂದೇ ಮೀಟರಿನಲ್ಲಿ ಮೂರು ಸಂಸಾರವಿದ್ದರೆ ತಿಂಗಳಿಗೊಮ್ಮೆ ಜಗಳ ತಪ್ಪದು. ಕರಾರು ಪತ್ರವನ್ನು ಸಾಮಾನ್ಯವಾಗಿ ಹನ್ನೊಂದು ತಿಂಗಳಿಗೆ ಬರೆಸುವುದೇಕೆಂದರೆ, ಒಂದು ವರ್ಷ ಮೀರಿದ ಗೇಣಿ ಕರಾರಿಗೆ ನೋಂದಣಿ ಕಡ್ಡಾಯ. ಮುಂಗಡವೆಷ್ಟು, ಬಿಡಲು ಎಷ್ಟು ದಿನದ ತಿಳಿವಳಿಕೆ, ದುರಸ್ತಿ ಯಾರದು ಎಂಬುದೆಲ್ಲ ಬರಹದಲ್ಲಿರಲಿ. ಆದಾಯ ತೆರಿಗೆಯ ಲೆಕ್ಕದಲ್ಲಿ, ಪಂಚಾಯಿತಿಗೆ ಕಟ್ಟಿದ ತೆರಿಗೆ ಕಳೆದುಳಿದ ಬಾಡಿಗೆಯ ಶೇಕಡಾ 30ರಷ್ಟನ್ನೂ ಬಾಡಿಗೆಗೆ ಕೊಟ್ಟ ಭಾಗದ ಸಾಲದ ಬಡ್ಡಿಯನ್ನೂ ಕಳೆಯಬಹುದು. ಅಸಲನ್ನು ಹಾಗೆ ಕಳೆಯುವಂತಿಲ್ಲ.

ಎರಡೇ ಮನೆ

ಸಂಜೆಯ ಹೊತ್ತಿಗೆ ಕಾಗದದ ಮೇಲೆ ಹೊಸ ಲೆಕ್ಕ ಮೂಡಿತು. ಮೊದಲು ಎರಡೇ ಮನೆ. ವೆಚ್ಚ 16 ಲಕ್ಷ. ಕೈಹಣದಲ್ಲಿ ಹತ್ತು ಲಕ್ಷ ತೊಡಗಿಸಿ ಎರಡು ಲಕ್ಷವನ್ನು ಮುಟ್ಟದೆ ಇಡುವುದು. ಸಾಲ ಆರು ಲಕ್ಷ. ಹದಿನೈದು ವರ್ಷದ ಅವಧಿಗೆ ಕಂತು ಸುಮಾರು 6,086. ಖಾಲಿ ತಿಂಗಳು, ದುರಸ್ತಿ ಕಳೆದು ಒಂದು ಮನೆಯಿಂದ ವರ್ಷಕ್ಕೆ 60,000 ಬಂದರೆ ತಿಂಗಳಿಗೆ ಕೈಯಿಂದ ಹಾಕಬೇಕಾದ್ದು ಸುಮಾರು 1,100. ತಾವು ಈಗ ಕಟ್ಟುತ್ತಿರುವ ಬಾಡಿಗೆ ಹೇಗೂ ಉಳಿಯುತ್ತದೆ. ಬಾಡಿಗೆ ಪೂರ್ತಿ ನಿಂತರೂ ಆ ಎರಡು ಲಕ್ಷ 32 ಕಂತುಗಳನ್ನು ತೀರಿಸಬಲ್ಲದು. ಮುಂದೆ ಶಕ್ತಿ ಕೂಡಿದಾಗ ಮೇಲೆ ಇನ್ನೆರಡು ಮನೆ ಏಳುವಂತೆ ತಳಪಾಯವನ್ನು ಎಂಜಿನಿಯರರ ಸಲಹೆಯಂತೆ ಈಗಲೇ ಗಟ್ಟಿ ಮಾಡಬೇಕು. ಅದಕ್ಕೆ ತಗಲುವ ಹೆಚ್ಚಿನ ವೆಚ್ಚವನ್ನು ಮೇಸ್ತ್ರಿಯಿಂದ ಮೊದಲೇ ಕೇಳಿ ಈ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮಿತ್ರರ ಮುಖ ಕೊಂಚ ಬಾಡಿತು. ನಾಲ್ಕು ಮನೆಯ ಯಜಮಾನನಾಗುವ ಆಸೆ ಯಾರಿಗಿಲ್ಲ? ಆದರೆ ಮೂವತ್ತು ವರ್ಷ ಇತರರ ತೋಟದ ಲೆಕ್ಕ ಬರೆದವರಲ್ಲವೇ, ಅಂಕೆಗಳನ್ನು ಎರಡು ಬಾರಿ ಕೂಡಿ ನೋಡಿ, “ಆಗಲಿ ಶಾಸ್ತ್ರಿಗಳೇ” ಎಂದರು. ತಾಯಿಯವರು ಆ ಕಾಗದವನ್ನು ನಾಲ್ಕಾಗಿ ಮಡಚಿ ಬ್ಯಾಂಕಿನ ಪಾಸ್‌ಬುಕ್ಕಿನೊಳಗೆ ಇರಿಸಿಕೊಂಡರು.

ಇಟ್ಟಿಗೆಯ ಬೆಲೆ, ಬಡ್ಡಿಯ ದರ, ಬಾಡಿಗೆ ಊರಿಂದೂರಿಗೆ ಬೇರೆ. ನಮ್ಮ ಓದುಗರು ತಮ್ಮ ಊರಿನ ಅಂಕೆಗಳನ್ನು ಹಾಕಿಕೊಂಡು, ಮನೆಯವರೆಲ್ಲರೂ ಕುಳಿತು, ಖಾಲಿ ತಿಂಗಳುಗಳನ್ನೂ ಸೇರಿಸಿಯೇ ಲೆಕ್ಕ ಮಾಡಲಿ. ಮನೆಯಲ್ಲಿ ಅಂಜುವವರು ಒಬ್ಬರಿದ್ದರೆ ಅವರ ಪ್ರಶ್ನೆಯನ್ನು ಮೊದಲು ಕೇಳಲಿ.