ವಧದಂಡಾರ್ಹ ಅಪರಾಧಗಳಲ್ಲಿ ಆರೋಪಿಯ ರಕ್ಷಣೆ

ವ್ಯವಹಾರಕ್ಕೆ ಭಾಷೆ, ಉತ್ತರ, ಕ್ರಿಯೆ, ಸಾಧ್ಯಸಿದ್ಧಿ ಎಂಬ ನಾಲ್ಕು ಪಾದಗಳನ್ನು ಶಾಸ್ತ್ರಕಾರರು ಹೇಳಿರುವರು. ಇವುಗಳಲ್ಲಿ ಆರೋಪಿಯ ಪ್ರಾಣವು ನಿಂತಿರುವುದು ಎರಡನೆಯ ಪಾದವಾದ ಉತ್ತರದಲ್ಲಿ. ಚಾಲುಕ್ಯ ವಿಕ್ರಮಾದಿತ್ಯನು ಆಳುತ್ತಿದ್ದಾಗ, ಆನವಟ್ಟಿಯ ಸೀಮೆಯೂ ಒಳಗೊಂಡಿದ್ದ ಬನವಾಸಿ ನಾಡು ಕಲ್ಯಾಣಕ್ಕೆ ಅಧೀನವಾಗಿದ್ದ ಕಾಲದಲ್ಲಿ, ವಿಜ್ಞಾನೇಶ್ವರನು ಮಿತಾಕ್ಷರೆಯನ್ನು ರಚಿಸಿದನು. ಅವನು ವ್ಯಾಖ್ಯಾನಿಸಿದ ಯಾಜ್ಞವಲ್ಕ್ಯಸ್ಮೃತಿಯ ವಿಧಿಯಂತೆ ಸಾಹಸ, ಸ್ತೇಯ ಮೊದಲಾದವುಗಳಲ್ಲಿ ಪ್ರತಿವಾದಿಯು ಒಡನೆಯೇ ಉತ್ತರ ಕೊಡತಕ್ಕದ್ದು; ಕಾಲಾವಕಾಶವು ಇತರ ವಿವಾದಗಳಿಗೆ ಮಾತ್ರ. ಮನುಷ್ಯಮಾರಣವು ಸಾಹಸದಲ್ಲಿಯೇ ಗಣಿತವಾದುದು. ಮಹಾಪಾತಕಗಳಲ್ಲಿ ಪ್ರತಿನಿಧಿಯನ್ನು ಕೊಡಲಾಗದು, ಮಾಡಿದವನೇ ವಾದಿಸಬೇಕೆಂಬುದು ಕಾತ್ಯಾಯನನ ಮತ. ಹೀಗೆ ಅಪರಾಧವು ಗುರುತರವಾದಷ್ಟೂ ಕಾಲವೂ ಇಲ್ಲ, ಮಾತನಾಡುವವನೂ ಇಲ್ಲ. ಈಗಿನ ನ್ಯಾಯವು ಇದಕ್ಕೆ ವಿಪರೀತವಾದ ತತ್ತ್ವವನ್ನು ಹಿಡಿದಿದೆ; ಆ ವಿಷಯದಲ್ಲಿ ಈಗಿನದೇ ಮೇಲೆಂದು ಒಪ್ಪಲೇಬೇಕು.

ಆದರೆ ತತ್ತ್ವವು ಆಚರಣೆಗೆ ಬಂದುದು ಬಹು ನಿಧಾನವಾಗಿ. ಶಿಕಾರಿಪುರ ತಾಲ್ಲೂಕಿನ ಈಸೂರಿನ ಪ್ರಕರಣವೇ ಇದಕ್ಕೆ ನಿದರ್ಶನ. 1942ರ ಸೆಪ್ಟೆಂಬರಿನಲ್ಲಿ ಸ್ವಾತಂತ್ರ್ಯವನ್ನು ಸಾರಿಕೊಂಡ ಆ ಗ್ರಾಮಕ್ಕೆ ಬಂದ ಅಮಲ್ದಾರರೂ ಪೊಲೀಸು ಅಧಿಕಾರಿಯೂ ಜನಸಮೂಹದ ಕೈಯಲ್ಲಿ ಹತರಾದರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚಿ ತಿಂಗಳಲ್ಲಿ ಗಲ್ಲಿಗೇರಿಸಲಾಯಿತು. ವಿಚಾರಣೆ, ತೀರ್ಪು, ಕ್ಷಮಾಪ್ರಾರ್ಥನೆ ಎಲ್ಲವೂ ಆರು ತಿಂಗಳು ತುಂಬುವ ಮೊದಲೇ ಮುಗಿದುಹೋದವು.

ಇಂತಹ ಪ್ರಕರಣದಲ್ಲಿ ವಕೀಲನ ಕೈಯನ್ನು ಕಟ್ಟುವ ವಿಧಿಗಳು ಎರಡು. 2024ರವರೆಗೆ ಜಾರಿಯಲ್ಲಿದ್ದ ದಂಡಸಂಹಿತೆಯ 149ನೆಯ ಕಲಮಿನಂತೆ, ಕಾನೂನುಬಾಹಿರವಾದ ಕೂಟದ ಸಮಾನ ಉದ್ದೇಶಕ್ಕಾಗಿ ಒಬ್ಬನು ಕೊಂದರೆ ಕೂಟದಲ್ಲಿದ್ದ ಎಲ್ಲರೂ ಆ ಕೊಲೆಗೆ ಹೊಣೆಯಾಗುತ್ತಿದ್ದರು. ಆದುದರಿಂದ ಹೊಡೆದವನು ಇವನಲ್ಲವೆಂದು ತೋರಿಸಿದರೆ ಸಾಲದು. ಇವನು ಅಲ್ಲಿರಲಿಲ್ಲ, ಇದ್ದರೂ ನೋಡಲು ಬಂದವನೇ ಹೊರತು ಆ ಉದ್ದೇಶದಲ್ಲಿ ಸೇರಿದವನಲ್ಲ ಎಂಬ ಸಂಶಯವನ್ನಾದರೂ ಹುಟ್ಟಿಸಬೇಕು. ಪ್ರತಿಯೊಬ್ಬ ಸಾಕ್ಷಿಯನ್ನೂ ಪ್ರತಿಯೊಬ್ಬ ಆರೋಪಿಯ ಪರವಾಗಿ ಬೇರೆ ಬೇರೆಯಾಗಿ ಪಾಟೀಸವಾಲಿಗೆ ಒಳಪಡಿಸಬೇಕಾಗುವುದು. ದೊಡ್ಡ ಗುಂಪಿನ ಪ್ರಕರಣಗಳಲ್ಲಿ ಒಬ್ಬನನ್ನು ಶಿಕ್ಷಿಸಲು ಇಬ್ಬರು ಮೂವರು ಸಾಕ್ಷಿಗಳ ಸುಸಂಗತವಾದ ಹೇಳಿಕೆಯನ್ನು ಅಪೇಕ್ಷಿಸುವುದು ಯುಕ್ತವೆಂದು ಸುಪ್ರೀಂ ಕೋರ್ಟು ಹೇಳಿದುದು 1964ರಲ್ಲಿ.

ಎರಡನೆಯದು ಶಿಕ್ಷೆಯ ವಿಧಿ. 1898ರ ದಂಡಪ್ರಕ್ರಿಯಾ ಸಂಹಿತೆಯಂತೆ ಮರಣಾರ್ಹವಾದ ಅಪರಾಧಕ್ಕೆ ಮರಣವನ್ನು ವಿಧಿಸದಿದ್ದರೆ ನ್ಯಾಯಾಧೀಶನು ಕಾರಣವನ್ನು ಬರೆಯಬೇಕಾಗಿತ್ತು. 1955ರ ತಿದ್ದುಪಡಿಯು ಆ ನಿಯಮವನ್ನು ತೆಗೆಯಿತು. 1973ರ ಸಂಹಿತೆಯು ಅದನ್ನು ತಿರುಗಿಸಿ, ಮರಣವನ್ನು ವಿಧಿಸುವುದಕ್ಕೇ ವಿಶೇಷ ಕಾರಣ ಬೇಕೆಂದಿತು. ‘ಅಪರೂಪದಲ್ಲಿ ಅಪರೂಪ’ ಎಂಬ 1980ರ ಸೂತ್ರವು ಇದರ ಭಾಷ್ಯವೇ. ಈಗ ಸೆಷನ್ಸ್ ಕೋರ್ಟು ಆನವಟ್ಟಿಯ ಒಬ್ಬನಿಗೆ ಮರಣವನ್ನು ವಿಧಿಸಿದರೂ ಬೆಂಗಳೂರಿನ ಹೈಕೋರ್ಟು ಸಾಕ್ಷ್ಯವನ್ನು ಮರುಪರಿಶೀಲಿಸಿ ಸ್ಥಿರಪಡಿಸುವವರೆಗೆ ಅದು ಜಾರಿಗೆ ಬರುವಂತಿಲ್ಲ.

ಆದಕಾರಣ ವಕೀಲನ ಕೆಲಸವು ಕೋರ್ಟಿನ ಒಳಗೆ ಮಾತ್ರ ನಡೆಯತಕ್ಕದ್ದಲ್ಲ. ಆರೋಪಿಯ ಬಾಲ್ಯ, ಬಡತನ, ಮನೋರೋಗ, ಸೆರೆಮನೆಯಲ್ಲಿನ ನಡತೆ ಇವೆಲ್ಲ ಶಿಕ್ಷೆಯ ವಿಚಾರಣೆಗೆ ಬೇಕಾದ ಸಂಗತಿಗಳು. ಇವುಗಳನ್ನು ತಿಳಿಯಲು ಶಿವಮೊಗ್ಗೆಯಿಂದ ಆರೋಪಿಯ ಊರಿಗೆ ಹೋಗಿ ತಾಯಿಯನ್ನೂ ಶಾಲೆಯ ಉಪಾಧ್ಯಾಯರನ್ನೂ ನೆರೆಯವರನ್ನೂ ಕೇಳಬೇಕು. ಇವು ವಿಚಾರಣೆಯ ಹಂತದಲ್ಲಿಯೇ ದೊರೆಯಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ವಿಧಿಸಿದೆ. ಹಣವಿಲ್ಲದವನಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವು ವಕೀಲನನ್ನು ಕೊಡುತ್ತದೆ. ಆದರೆ ಕೊಡುವುದು ಬೇರೆ, ಸಿದ್ಧತೆಗೆ ಬಿಡುವುದು ಬೇರೆ. ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ವಕೀಲನನ್ನು ನೇಮಿಸಿದ ದಿನವೇ ದೋಷಾರೋಪಣೆಯನ್ನು ನಿಗದಿಪಡಿಸಿ, ಎರಡೇ ವಾರಗಳಲ್ಲಿ ಮರಣವನ್ನು ವಿಧಿಸಲಾಗಿತ್ತು. ಸ್ಮೃತಿಯು ಹೇಳಿದ ‘ಒಡನೆಯೇ ಉತ್ತರ’ವು ಇಲ್ಲಿ ಬೇರೆ ಬಾಗಿಲಿನಿಂದ ಒಳಗೆ ಬಂದಿತೆನ್ನಬೇಕು. 2019ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ, ಇಂತಹ ಪ್ರಕರಣಗಳಿಗೆ ಹತ್ತು ವರ್ಷವಾದರೂ ಅನುಭವವುಳ್ಳ ವಕೀಲರನ್ನೇ ನೇಮಿಸಬೇಕು, ಅವರ ಸಿದ್ಧತೆಗೆ ಸಾಮಾನ್ಯವಾಗಿ ಏಳು ದಿನಗಳಿಗೆ ಕಡಮೆಯಿಲ್ಲದ ಅವಕಾಶವಿರಬೇಕೆಂದು ಆಜ್ಞಾಪಿಸಿತು. ಒಂದು ಪ್ರಾಣದ ವಿಚಾರಕ್ಕೆ ಏಳು ದಿನಗಳು ಅಲ್ಪವೇ ಸರಿ.